ಪಿಕ್ನಿಕ್ಕಿನ ಕೊನೆಯ ಹದಿನೈದು ನಿಮಿಷ

1780ರಲ್ಲಿ ಗ್ಲೌಸ್ಟರ್‌ನ ರಾಬರ್ಟ್ ರೈಕ್ಸ್ ತೆರೆದ ಭಾನುವಾರದ ಶಾಲೆಯಿಂದ ಇಂದಿನ ಯುವಶಿಬಿರದವರೆಗಿನ ಚರಿತ್ರೆಯನ್ನು ಅಧಿಕಾರದಿಂದ ಹೇಳಬಲ್ಲವರು ಈ ಸಂಕಿರಣದ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅದನ್ನು ಅವರಿಗೆ ಬಿಟ್ಟು, ಬಹುಕಾಲದಿಂದ ನನ್ನನ್ನು ಕಾಡುತ್ತಿರುವ ಒಂದೇ ಸಂಗತಿಗೆ ಬರುತ್ತೇನೆ. ಹರೆಯದವರನ್ನು ಬೀಚಿಗೋ ಬೆಟ್ಟಕ್ಕೋ ಕರೆದೊಯ್ದು, ದಿನವಿಡೀ ಆಡಿಸಿ, ಉಣಿಸಿ, ಬಸ್ಸು ಹೊರಡುವ ಮುನ್ನ ಹದಿನೈದು ನಿಮಿಷ ‘ಸಂದೇಶ’ ಕೊಡುತ್ತೇವಲ್ಲ, ಅಲ್ಲೇ ನಾವು ದಾರಿ ತಪ್ಪಿದ್ದೇವೆ. ಆಟ ಗಾಳದ ಹುಳುವಾಯಿತು, ಬೋಧನೆ ಕೊಕ್ಕೆಯಾಯಿತು. ಹದಿನೇಳರ ಹುಡುಗಿಗೆ ಇದು ತಿಳಿಯುವುದಿಲ್ಲವೇ?

ಮಕ್ಕಳನ್ನು ಬಯಲಿನಲ್ಲಿ ಸೇರಿಸುವ ಈ ಕೆಲಸ ಮೊದಲು ಹೀಗಿರಲಿಲ್ಲ. 1868ರ ಬೇಸಿಗೆಯಲ್ಲಿ ವೇಲ್ಸಿನ ಲಾಂಡಡ್ನೊ ಕಡಲತೀರದಲ್ಲಿ ಜೋಸಯ್ಯ ಸ್ಪಿಯರ್ಸ್ ದೇವರ ಪ್ರೀತಿಯ ಕುರಿತ ಪುಟ್ಟದೊಂದು ವಾಕ್ಯವನ್ನು ಮರಳಿನಲ್ಲಿ ಬರೆದು, ಅದನ್ನು ಕಲ್ಲು ಚಿಪ್ಪುಗಳಿಂದ ಅಲಂಕರಿಸಲು ಅಲ್ಲಿದ್ದ ಮಕ್ಕಳನ್ನು ಕರೆದರು. ಸ್ಕ್ರಿಪ್ಚರ್ ಯೂನಿಯನ್ ಸಂಸ್ಥೆಯವರು ಇಂದಿಗೂ ನೆನೆಯುವ ಘಟನೆಯಿದು. ಅಲ್ಲಿ ಆಟ ಮುಗಿದ ಮೇಲೆ ಪಾಠ ಶುರುವಾಗಲಿಲ್ಲ. ಮಕ್ಕಳ ಕೈ ಆಡುತ್ತಿದ್ದದ್ದೇ ಪಾಠದ ಮೇಲೆ. ಆದರೂ ಚಿಕ್ಕ ಮಕ್ಕಳಿಗೆ ಒಪ್ಪುವ ದಾರಿ ಹರೆಯದವರಿಗೆ ಸಾಲದು. ಅವರಿಗೆ ಬೇಕಾದದ್ದು ತಮ್ಮ ಮಾತಿಗೆ ಕಿವಿಗೊಡುವ ಹಿರಿಯರು. ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಮತ್ತು ಮೆಲಿಂಡಾ ಡೆಂಟನ್ 2005ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಮೆರಿಕದ 267 ಹದಿಹರೆಯದವರನ್ನು ಮುಖತಃ ಮಾತನಾಡಿಸಲಾಗಿತ್ತು. ಬೇರೆ ವಿಷಯಗಳಲ್ಲಿ ಚುರುಕಾಗಿದ್ದವರಲ್ಲೂ ಹಲವರು ತಮ್ಮ ನಂಬಿಕೆಯನ್ನು ಹೇಳಹೊರಟಾಗ ತಡವರಿಸಿದರು. ನೀನು ಏನನ್ನು ನಂಬುತ್ತೀಯ ಎಂದು ಹಿರಿಯರೊಬ್ಬರು ತಮ್ಮನ್ನು ಕೇಳಿದ್ದೇ ಅವರಲ್ಲಿ ಅನೇಕರಿಗೆ ಅದು ಮೊದಲ ಸಲವಿರಬೇಕೆಂದು ಸಂಶೋಧಕರಿಗೆ ಅನ್ನಿಸಿತು. ಆ ದೇಶ ಬೇರೆ, ಸಭೆ ಬೇರೆ, ನಿಜ. ಆದರೆ ನಮ್ಮ ಪ್ರವಾಸದ ಕಾರ್ಯಕ್ರಮ ಪಟ್ಟಿಯಲ್ಲಿ ಈ ಪ್ರಶ್ನೆಗೆ ಎಲ್ಲಿ ಜಾಗವಿದೆ, ದಯವಿಟ್ಟು ತೋರಿಸಿ.

ಲೂಕನ ಸುವಾರ್ತೆಯ ಇಪ್ಪತ್ತನಾಲ್ಕನೆಯ ಅಧ್ಯಾಯವನ್ನು ಈ ಕಣ್ಣಿನಿಂದ ಓದಬೇಕು. ಎಮ್ಮಾಹುವಿನ ದಾರಿಯಲ್ಲಿ ಸೋತು ನಡೆಯುತ್ತಿದ್ದ ಇಬ್ಬರ ಜೊತೆಗೂಡಿದ ಯೇಸು ಮೊದಲು ಕೇಳಿದ್ದು ಪ್ರಶ್ನೆ. ಅವರು ತಮ್ಮ ನಿರಾಶೆಯನ್ನೆಲ್ಲ ಹೇಳಿಕೊಳ್ಳುವವರೆಗೆ ಕಾದ. ಆಮೇಲೆ ಆತ ಮೋಶೆಯಿಂದ ಹಿಡಿದು ಪ್ರವಾದಿಗಳವರೆಗೆ ದೀರ್ಘವಾಗಿಯೇ ವಿವರಿಸಿದನಲ್ಲ ಎಂದು ನೀವು ಆಕ್ಷೇಪಿಸಬಹುದು. ಹೌದು, ನಾನು ಬೋಧನೆಯನ್ನು ಕೈಬಿಡಿ ಎನ್ನುತ್ತಿಲ್ಲ, ಅದರ ಸರದಿ ಬದಲಿಸಿ ಎನ್ನುತ್ತಿದ್ದೇನೆ. ಅಷ್ಟು ವಿವರಿಸಿದರೂ ಆ ಇಬ್ಬರು ಆತನನ್ನು ಗುರುತಿಸಿದ್ದು ಊಟಕ್ಕೆ ಕುಳಿತಾಗ. ಪಿಕ್ನಿಕ್ಕಿನಲ್ಲಿ ನಡಿಗೆಯೂ ಇದೆ, ಊಟವೂ ಇದೆ. ಆದರೆ ಆ ಹೊತ್ತಿನಲ್ಲಿ ಹಿರಿಯರು ಲೆಕ್ಕ, ಬಸ್ಸು, ಬಡಿಸುವ ಗಡಿಬಿಡಿಯಲ್ಲಿರುತ್ತೇವೆ. ಸಂದೇಶವಿಲ್ಲದಿದ್ದರೆ ಅದು ಬರೀ ಮೋಜಾಗುತ್ತದೆ ಎಂಬ ಭಯ ಸಭಾಪಾಲಕರಿಗೆ ಸಹಜ. ಆದರೆ ಯಾರೂ ಕೇಳಿಸಿಕೊಳ್ಳದ ಸಂದೇಶ ಮೋಜಿಗೆ ಏನನ್ನೂ ಕೂಡಿಸುವುದಿಲ್ಲ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ: ಗೆಳೆತನದಿಂದ ಬರುವ ಬೇರೆ ಧರ್ಮದ ಮಕ್ಕಳ ಗತಿಯೇನು? ಪ್ರಾರ್ಥನೆಯಿದೆ, ನಂಬಿಕೆಯ ಮಾತುಕತೆಯಿದೆ ಎಂದು ಅವರ ತಂದೆತಾಯಿಗೆ ಮುಂಚೆಯೇ ಹೇಳಿ ಒಪ್ಪಿಗೆ ಪಡೆಯಲೇಬೇಕು. ಹೇಳದೆ ಕರೆದೊಯ್ದರೆ ಸತ್ಯದ ಕುರಿತು ನಾವು ಆಡುವ ಮಾತಿಗೆ ಬೆಲೆಯಿರುವುದಿಲ್ಲ.

ಇಷ್ಟಾದರೂ ನನಗೆ ಉತ್ತರ ಸಿಗದ ಪ್ರಶ್ನೆಯೊಂದಿದೆ, ಅದನ್ನು ಈ ಸಂಕಿರಣದ ಮುಂದಿಡುತ್ತೇನೆ. ಏನನ್ನು ನಂಬುತ್ತೀಯ ಎಂದು ಕೇಳಿದೆವು ಎನ್ನಿ. ಸಭೆಯಲ್ಲೇ ಬೆಳೆದ ಹುಡುಗನೊಬ್ಬ, ನನಗೆ ಇದರಲ್ಲಿ ನಂಬಿಕೆ ಉಳಿದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದ. ಜೊತೆಗಿದ್ದ ಹಿರಿಯರು ಅದನ್ನು ಅವನ ಮನೆಗೆ ತಿಳಿಸಬೇಕೆ, ಸಭಾಪಾಲಕರಿಗೆ ಹೇಳಬೇಕೆ, ತಮ್ಮಲ್ಲೇ ಇಟ್ಟುಕೊಂಡು ಮುಂದಿನ ಪ್ರವಾಸಕ್ಕೂ ಅವನನ್ನು ಕರೆಯಬೇಕೆ? ದೃಢೀಕರಣದ ತರಗತಿ ನಡೆಸುವವರು ಇಲ್ಲಿದ್ದೀರಿ, ಮಕ್ಕಳನ್ನು ಕಳುಹಿಸುವ ತಂದೆತಾಯಿಯೂ ಇದ್ದೀರಿ. ಮೊದಲ ಗೋಷ್ಠಿಯನ್ನು ಇದರಿಂದಲೇ ಆರಂಭಿಸಬೇಕೆಂದು ಅಧ್ಯಕ್ಷರಲ್ಲಿ ಕೋರುತ್ತೇನೆ.