ಮನೆ ಮಾರುವ ಮೊದಲು



ಮನೆ ಕಟ್ಟುವುದರ ಬಗ್ಗೆ ಸಲಹೆ ಕೊಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮಾರುವುದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಹಿರಿಯರ ಮನೆ ಮಾರುವುದೆಂದರೆ ಏನೋ ತಪ್ಪು ಮಾಡಿದಂತೆ ಎಂಬ ಸಂಕೋಚ. ಆದರೆ ಮಕ್ಕಳು ಮಂಗಳೂರು, ಬೆಂಗಳೂರು, ಗಲ್ಫ್ ಎಂದು ನೆಲೆ ನಿಂತ ಮೇಲೆ ಕಾಸರಗೋಡಿನ ಎಷ್ಟೋ ಹಂಚಿನ ಮನೆಗಳಿಗೆ ಬೀಗ ಬಿದ್ದಿದೆ. ಆದ್ದರಿಂದ ಈ ವಿಷಯವನ್ನು ಸಂಕೋಚವಿಲ್ಲದೆ ಮಾತನಾಡುವುದು ಒಳ್ಳೆಯದು.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಇತರರ ಆಧಾರಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಆದರೂ ಬದಿಯಡ್ಕದ ಸಮೀಪ ತಂದೆಯವರಿಂದ ಬಂದ ಮನೆಯನ್ನು ಮಾರಹೊರಟಾಗ ನಾನೇ ಎಡವಿದೆ.

ಮೊದಲು ಮಾಡಿದ ಕೆಲಸವೆಂದರೆ ಬಣ್ಣ ಬಳಿಸಿದ್ದು, ಜಗಲಿಗೆ ಟೈಲ್ಸ್ ಹಾಕಿಸಿದ್ದು. ಒಂದು ಲಕ್ಷದ ನಲುವತ್ತು ಸಾವಿರ ಖರ್ಚಾಯಿತು. ಇನ್ನು ಬೆಲೆ ಕಟ್ಟಿದ್ದು ಹೇಗೆ? ಪೇಟೆಯ ಬದಿಯಲ್ಲಿ ಯಾರಿಗೋ ಸೆಂಟಿಗೆ ಒಂದೂವರೆ ಲಕ್ಷ ಸಿಕ್ಕಿತೆಂದು ಮದುವೆಮನೆಯೊಂದರಲ್ಲಿ ಕೇಳಿದ್ದೆ. ಅದನ್ನು ಆಧಾರದಲ್ಲಿದ್ದ 22 ಸೆಂಟ್ಸಿಗೆ ಗುಣಿಸಿದೆ, ಬಣ್ಣದ ಖರ್ಚು ಕೂಡಿಸಿದೆ, ತಂದೆಯವರು ಕಷ್ಟಪಟ್ಟು ಕಟ್ಟಿದ ಮನೆಯೆಂದು ಮತ್ತಷ್ಟು ಸೇರಿಸಿದೆ. ಮೂವತ್ತೈದು ಲಕ್ಷ ಎಂದೆ.

ಬಂದ ಗಿರಾಕಿ ಬಣ್ಣವನ್ನು ನೋಡಲೇ ಇಲ್ಲ. "ನೀರು ಎಲ್ಲಿಂದ?" ಎಂದರು. ಗುಡ್ಡದ ಸುರಂಗದಿಂದ ಎಂದೆ. "ಸುರಂಗ ಯಾರ ಜಾಗೆಯಲ್ಲಿದೆ?" ಅದು ನನ್ನ ಅಣ್ಣನ ಪಾಲಿನಲ್ಲಿತ್ತು. ಭಾಗಪತ್ರದಲ್ಲಿ ನೀರಿನ ವಿಷಯ ಒಂದಕ್ಷರವೂ ಇರಲಿಲ್ಲ. ಎರಡನೆಯವರು ಅಳತೆ ಮಾಡಿಸಿದರು. ಸಿಕ್ಕಿದ್ದು ಇಪ್ಪತ್ತೂವರೆ ಸೆಂಟ್ಸ್ ಮಾತ್ರ. ಇಬ್ಬರೂ ಹಿಂದೆ ಸರಿದರು. ಎರಡು ಮಳೆಗಾಲ ಕಳೆಯಿತು. ಹೊಸ ಬಣ್ಣದ ಮೇಲೆ ಪಾಚಿ ಬಂತು, ಅಡುಗೆಮನೆಯ ಪಕ್ಕಾಸಿಗೆ ಗೆದ್ದಲು ಹಿಡಿಯಿತು.

ಆದ್ದರಿಂದ ನನ್ನ ಮೊದಲ ಮಾತು ಇದು: ಬಣ್ಣಕ್ಕಿಂತ ಮೊದಲು ಕಾಗದಪತ್ರ. ನಿಮ್ಮ ಆಧಾರ, ಅದರ ಹಿಂದಿನ ಆಧಾರ, ಗ್ರಾಮ ಕಚೇರಿಯ ತೀರ್ವೆ ರಶೀದಿ, ಪಂಚಾಯತಿನ ಮನೆ ತೆರಿಗೆ ರಶೀದಿ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಬಾಧ್ಯತಾ ಸರ್ಟಿಫಿಕೇಟ್ — ಇವು ಕೈಯಲ್ಲಿರಲಿ. ತೀರ್ವೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಸಹಕಾರಿ ಬ್ಯಾಂಕಿನ ಸಾಲ ತೀರಿಸಿದವರು ಗಹಾನ್ ರದ್ದಾಗಿದೆಯೇ ಎಂದು ನೋಡಿ. ಸಾಲ ತೀರಿದರೂ ಗಹಾನ್ ದಾಖಲೆಯಲ್ಲಿ ಉಳಿದದ್ದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಹಾಗಿದ್ದರೆ ಕೊಳ್ಳುವವರಿಗೆ ಅವರ ಬ್ಯಾಂಕು ಸಾಲ ಕೊಡುವುದಿಲ್ಲ. ಪಾಲು ಇರುವ ಅಕ್ಕತಂಗಿಯರನ್ನು ಕೊನೆಯ ದಿನ ಸಹಿಗೆ ಕರೆಯಬೇಡಿ, ಮೊದಲೇ ಕೇಳಿ. ಜಾಗವನ್ನು ಅಳತೆ ಮಾಡಿಸಿ. 2022ರ ನವೆಂಬರಿನಲ್ಲಿ ಕೇರಳದಲ್ಲಿ ಡಿಜಿಟಲ್ ಸರ್ವೆ ಆರಂಭವಾದ ಮೇಲಂತೂ ಹಳೆಯ ಅಂದಾಜು ನಡೆಯದು.

ಇನ್ನು ಬೆಲೆ. ಸರಕಾರ 2010ರಿಂದ ಭೂಮಿಗೆ ನ್ಯಾಯಬೆಲೆ ನಿಗದಿ ಮಾಡಿದೆ. ಇದು ರೇಷನ್ ಅಂಗಡಿಯ ನ್ಯಾಯಬೆಲೆಯಲ್ಲ, ಮಾರುಕಟ್ಟೆ ಬೆಲೆಯೂ ಅಲ್ಲ. ಅದಕ್ಕಿಂತ ಕಡಿಮೆ ತೋರಿಸಿ ಮುದ್ರಾಂಕ ಕಟ್ಟುವಂತಿಲ್ಲ, ಅಷ್ಟೆ. ನಿಜವಾದ ಬೆಲೆ ತಿಳಿಯಬೇಕಾದರೆ ನಿಮ್ಮ ಊರಿನಲ್ಲೇ ಈಚೆಗೆ ಮಾರಿದ ಮೂರು ನಾಲ್ಕು ಮಂದಿಯನ್ನು ಕಂಡು ಕೇಳಿ. ರಸ್ತೆ ಅಂಗಳದ ವರೆಗೆ ಬರುತ್ತದೆಯೇ, ಎಪ್ರಿಲ್ ಮೇ ತಿಂಗಳಲ್ಲಿ ನೀರಿದೆಯೇ, ಬಸ್ಸಿಗೆ ಎಷ್ಟು ದೂರ — ಇವನ್ನು ಹೋಲಿಸಿ ನೋಡಿ. ಹಳೆಯ ಮನೆಗೆ ನೀವು ಕಂಡಷ್ಟು ಬೆಲೆ ಕೊಳ್ಳುವವರು ಕಾಣುವುದಿಲ್ಲ. ಅವರು ಕೆಡವಿ ಕಟ್ಟುವ ಲೆಕ್ಕದಲ್ಲಿ ಹಲಸಿನ ಮರದ ತೊಲೆ, ಬಾಗಿಲು, ಕೆಂಪುಕಲ್ಲು ಇಷ್ಟನ್ನೇ ಎಣಿಸುತ್ತಾರೆ. ದುರಸ್ತಿ ಮಾಡುವುದಿದ್ದರೆ ಸೋರುವ ಮಾಡು, ಮುರಿದ ಹಂಚು, ಬಾವಿಯ ಕಟ್ಟೆ ಸಾಕು. ಅಂಗಳ ಸವರಿ, ಹಿತ್ತಿಲ ಕಾಡು ಕಡಿಸಿ. ದೋಷವಿದ್ದರೆ ನೀವೇ ಹೇಳಿಬಿಡಿ.

ಮುದ್ರಾಂಕ ನೂರಕ್ಕೆ ಎಂಟು, ನೋಂದಣಿ ನೂರಕ್ಕೆ ಎರಡು. ಈ ಹತ್ತನ್ನು ಉಳಿಸಲು ಆಧಾರದಲ್ಲಿ ಕಡಿಮೆ ಬರೆಯೋಣ, ಉಳಿದದ್ದು ನಗದು ಕೊಡುತ್ತೇವೆ ಎನ್ನುವವರಿದ್ದಾರೆ. ಒಪ್ಪಬೇಡಿ. 2015ರ ಜೂನಿನಿಂದ ಜಾಗ ಮಾರಾಟದಲ್ಲಿ ಇಪ್ಪತ್ತು ಸಾವಿರ ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದರೆ ಪಡೆದಷ್ಟೇ ದಂಡ. ಮುಂಗಡವೂ ಬ್ಯಾಂಕಿನ ಮೂಲಕವೇ ಬರಲಿ, ಕರಾರು ಬರಹದಲ್ಲಿರಲಿ.

ಇನ್ನೊಂದು ಮಾತು ನಮ್ಮಂಥವರಿಗಾಗಿಯೇ. ಪೇಟೆಯಲ್ಲಿ ಮಲಯಾಳ ಮಾತನಾಡುವ ನಮ್ಮ ಹಿರಿಯರಲ್ಲಿ ಅನೇಕರಿಗೆ ಅದನ್ನು ಓದಲು ಬಾರದು. ಆಧಾರ ಮಲಯಾಳದಲ್ಲಿದ್ದರೆ ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ.

ನನ್ನ ಮನೆಯ ಕತೆ ಮುಗಿಸುತ್ತೇನೆ. ಗಡಿಯ ಒಂದು ಹಲಸಿನ ಮರಕ್ಕಾಗಿ ನಾನೂ ಅಣ್ಣನೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದೆವು. ನೀರಿಗಾಗಿ ನಾನೇ ಹೋಗಬೇಕಾಯಿತು. ಅತ್ತಿಗೆ ಬೆಲ್ಲ ನೀರು ತಂದಿಟ್ಟರು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುರಂಗ ಅಪ್ಪ ತೋಡಿಸಿದ್ದಲ್ಲವೋ? ಕೇಳಿದ್ದರೆ ಎಂದೋ ಬರೆದು ಕೊಡುತ್ತಿದ್ದೆ" ಎಂದರು. ಪೈಪಿನಲ್ಲಿ ನೀರು ಒಯ್ಯುವ ಹಕ್ಕನ್ನು ಬರೆಸಿ ನೋಂದಣಿ ಮಾಡಿದೆವು. ಮಲಯಾಳದ ಆ ಪತ್ರವನ್ನು ಸಾಲು ಸಾಲಾಗಿ ನಾನೇ ಅವರಿಗೆ ಕನ್ನಡದಲ್ಲಿ ಹೇಳಿದೆ. ಆಮೇಲೆ ಸಹಿ ಹಾಕಿದರು.

ಸೆಂಟಿಗೆ ಒಂದು ಲಕ್ಷದಂತೆ ಜಾಗಕ್ಕೆ ಇಪ್ಪತ್ತೂವರೆ, ಮನೆಗೆ ಐದು ಲಕ್ಷವೆಂದು ಲೆಕ್ಕ ಹಾಕಿ, ಇಪ್ಪತ್ತೇಳು ಹೇಳಿದೆ. ಇಪ್ಪತ್ತಾರಕ್ಕೆ ಎರಡೇ ತಿಂಗಳಲ್ಲಿ ಮಾರಾಟವಾಯಿತು. ಕೊಂಡವರು ಮನೆ ಕೆಡವಲಿಲ್ಲ, ಈಗಲೂ ಅಲ್ಲಿ ದೀಪ ಉರಿಯುತ್ತದೆ. ಅಣ್ಣನ ಮನೆಗೆ ಹೋಗುವಾಗ ಕಾಣುತ್ತೇನೆ.