ಒಲವಿನ ಮಾರ್ಪಾಟು: ವಿಜ್ಞಾನ, ನೀತಿ, ಧರ್ಮ

(ಇಚಿಲಂಪಾಡಿಯಲ್ಲಿ ನೆರೆದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಮಹೋತ್ಸವದಲ್ಲಿ ನನಗೆ ಅಪ್ಪಣೆಯಾಗಿರುವ ವಿಷಯವು ಸಭೆಯಲ್ಲಿ ಎತ್ತಿ ಆಡುವುದಕ್ಕೆ ಜನರು ಸಂಕೋಚಪಡತಕ್ಕಂಥಾದ್ದು. ಗಂಡಿಗೆ ಗಂಡಿನಲ್ಲಿಯೂ ಹೆಣ್ಣಿಗೆ ಹೆಣ್ಣಿನಲ್ಲಿಯೂ ಉಂಟಾಗುವ ಅನುರಾಗವನ್ನು ಔಷಧದಿಂದಾಗಲಿ, ವ್ರತನಿಯಮಗಳಿಂದಾಗಲಿ, ವಿವಾಹದಿಂದಾಗಲಿ ಮಾರ್ಪಡಿಸಬಹುದೆ? ಮಾರ್ಪಡಿಸಲು ಯತ್ನಿಸುವುದು ಧರ್ಮವೆ? ಇದೇ ಪ್ರಶ್ನೆ. ಸಂಕೋಚವೆಂದು ಮಠಗಳು ಮೌನವಾಗಿರುವುದು ಯುಕ್ತವಲ್ಲ. ಏಕೆಂದರೆ ಮಕ್ಕಳ ಬಾಯಿಂದ ಇಂಥ ಮಾತನ್ನು ಕೇಳಿ ಕಂಗೆಟ್ಟ ತಂದೆತಾಯಿಗಳು ವೈದ್ಯನಿಗಿಂತ ಮೊದಲು ಗುರುವಿನ ಬಾಗಿಲನ್ನು ತಟ್ಟುತ್ತಾರೆ. ಅಲ್ಲಿ ಅವರಿಗೆ ದೊರೆಯುವ ಒಂದು ಮಾತಿನಿಂದ ಒಂದು ಪ್ರಾಣ ಉಳಿಯಲೂಬಹುದು, ಅಳಿಯಲೂಬಹುದು.

ಈ ಕಡಬ ಸೀಮೆಯಲ್ಲಿ ತುಳು ನುಡಿಯುವ ಒಕ್ಕಲುಗಳೂ, ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳೂ, ಮುಸಲ್ಮಾನರೂ ನೆರೆಹೊರೆಯಾಗಿ ಬಾಳುತ್ತಾರೆ. ಇಂಥ ಸಂಕಟ ಒದಗಿದಾಗ ಒಬ್ಬರು ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಬಹುದು. ಒಬ್ಬರು ಪ್ರಾರ್ಥನಾಶಿಬಿರಕ್ಕೆ ಕಳುಹಿಸಬಹುದು. ಒಬ್ಬರು ಮಂತ್ರಿಸಿದ ನೂಲು ಕಟ್ಟಿಸಬಹುದು. ನಮ್ಮವರು ‘ದೀಕ್ಷೆ ಕೊಡಿಸಿ, ಸರಿಹೋದಾನು’ ಎಂದು ಬೇಡಬಹುದು. ಮತಗಳು ಬೇರೆಯಾದರೂ ಭಯವು ಒಂದೇ. ಆದಕಾರಣ ನಾನು ಹೇಳುವುದು ಎಲ್ಲ ಮನೆಗಳಿಗೂ ಸಲ್ಲತಕ್ಕದ್ದು.

ಮೊದಲು ವಿಜ್ಞಾನದ ಮಾತನ್ನು ಕೇಳೋಣ. ಕಳೆದ ಶತಮಾನದಲ್ಲಿ ಈ ಒಲವನ್ನು ರೋಗವೆಂದು ಎಣಿಸಿ, ಚಿತ್ರಗಳನ್ನು ತೋರಿಸುತ್ತ ವಿದ್ಯುತ್ತಿನ ಆಘಾತ ಕೊಡುವುದು, ವಾಂತಿಯಾಗುವ ಮದ್ದು ಕುಡಿಸುವುದು ಮೊದಲಾದ ಕ್ರೂರೋಪಾಯಗಳನ್ನು ವೈದ್ಯರೇ ಮಾಡಿದರು. 1973ರಲ್ಲಿ ಅಮೇರಿಕದ ಮನೋವೈದ್ಯ ಸಂಘವು ಸಲಿಂಗಾನುರಾಗವು ತಾನಾಗಿ ರೋಗವಲ್ಲವೆಂದು ತೀರ್ಮಾನಿಸಿತು. 1990ರ ಮೇ 17ರಂದು ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ತನ್ನ ರೋಗಪಟ್ಟಿಯಿಂದ ತೆಗೆಯಿತು. 2018ರಲ್ಲಿ ಭಾರತೀಯ ಮನೋವೈದ್ಯ ಸಂಘವೂ ಇದು ಮನೋರೋಗವಲ್ಲವೆಂದು ಸಾರಿತು.

ಆದರೂ ಮಾರ್ಪಾಟು ಸಾಧ್ಯವೆಂಬ ವಾದ ನಿಲ್ಲಲಿಲ್ಲ. ಅದಕ್ಕೆ ದೊಡ್ಡ ಆಧಾರವಾಗಿ ನಿಂತದ್ದು ರಾಬರ್ಟ್ ಸ್ಪಿಟ್ಜರ್ ಎಂಬ ಮನೋವೈದ್ಯರ ಲೇಖನ. 1973ರ ತೀರ್ಮಾನಕ್ಕೆ ಮುಂದಾಳಾಗಿದ್ದವರಲ್ಲಿ ಇವರೂ ಒಬ್ಬರು. ತಾವು ಬದಲಾದೆವೆಂದು ಹೇಳಿಕೊಂಡ 200 ಮಂದಿಯನ್ನು ದೂರವಾಣಿಯಲ್ಲಿ ವಿಚಾರಿಸಿ, ಕೆಲವರಲ್ಲಿ ಮಾರ್ಪಾಟು ಆಗಿರಬಹುದೆಂದು 2003ರಲ್ಲಿ ಪ್ರಕಟಿಸಿದರು. ಜನರು ತಮ್ಮ ವಿಷಯದಲ್ಲಿ ತಾವೇ ಹೇಳಿಕೊಂಡ ಮಾತಿನ ಹೊರತು ಅದಕ್ಕೆ ಬೇರೆ ಪ್ರಮಾಣವಿರಲಿಲ್ಲ. 2012ರಲ್ಲಿ, ಎಂಬತ್ತರ ಮುಪ್ಪಿನಲ್ಲಿ, ಅದೇ ಸ್ಪಿಟ್ಜರ್ ತಮ್ಮ ಅಧ್ಯಯನದ ದೋಷವನ್ನು ಬಹಿರಂಗವಾಗಿ ಒಪ್ಪಿಕೊಂಡು, ಅದನ್ನು ನಂಬಿ ಕಾಲವನ್ನೂ ಬಲವನ್ನೂ ಕಳೆದುಕೊಂಡವರ ಕ್ಷಮೆ ಬೇಡಿದರು. ಮರುವರ್ಷ, 2013ರಲ್ಲಿ, ಪ್ರಾರ್ಥನೆಯಿಂದ ಒಲವನ್ನು ಬದಲಾಯಿಸುವೆವೆಂದು 1976ರಿಂದ ಸಾರುತ್ತಿದ್ದ ಎಕ್ಸೋಡಸ್ ಎಂಬ ಅಮೇರಿಕದ ಕ್ರೈಸ್ತಸಂಸ್ಥೆಯು ಕ್ಷಮೆ ಕೇಳಿ ಬಾಗಿಲು ಮುಚ್ಚಿತು. ವಿಜ್ಞಾನಿಯೂ ಧಾರ್ಮಿಕನೂ ಒಂದೇ ಸತ್ಯದ ಮುಂದೆ ತಲೆಬಾಗಿದ್ದನ್ನು ಇಲ್ಲಿ ನೋಡತಕ್ಕದ್ದು.

‘ಹಾಗಾದರೆ ಈ ಒಲವಿಗೆ ಕಾರಣವೇನು?’ ಎಂದು ಕೆಲವರು ಕೇಳುವರು. 2019ರಲ್ಲಿ 4,70,000ಕ್ಕೂ ಹೆಚ್ಚು ಜನರ ಅನುವಂಶೀಯ ದ್ರವ್ಯವನ್ನು ಪರೀಕ್ಷಿಸಿದ ವಿದ್ವಾಂಸರು, ಇದಕ್ಕೆ ಒಂದೇ ಒಂದು ಜೀನು ಕಾರಣವಲ್ಲ, ಹಲವು ಸೂಕ್ಷ್ಮ ಅಂಶಗಳು ಕೂಡಿಕೊಂಡಿವೆಯೆಂದು ಕಂಡರು. ಕಾರಣವು ಪೂರ್ಣವಾಗಿ ತಿಳಿಯದಿರುವುದು ಚಿಕಿತ್ಸೆಗೆ ಪರವಾನಗಿಯಲ್ಲ. ಎಡಗೈಯಲ್ಲಿ ಬರೆಯುವವನ ಕೈಗೆ ಹಿಂದಿನ ಕಾಲದಲ್ಲಿ ಬೆತ್ತದ ಏಟು ಕೊಡುತ್ತಿದ್ದರು. ಏಟಿನಿಂದ ಕೈ ಬದಲಾದದ್ದಕ್ಕಿಂತ ಹುಡುಗನು ಅಕ್ಷರವನ್ನೇ ದ್ವೇಷಿಸಿದ್ದು ಹೆಚ್ಚು.

ನಮ್ಮ ಪ್ರಾಚೀನ ಗ್ರಂಥಗಳು ಏನು ಹೇಳುತ್ತವೆ? ಪಾಠಶಾಲೆಯಲ್ಲಿ ಓದಿದವನು ಇಲ್ಲಿ ಎಚ್ಚರದಿಂದ ಮಾತನಾಡಬೇಕು. ಚರಕ ಸುಶ್ರುತರ ಶಾರೀರಸ್ಥಾನಗಳಲ್ಲಿ ಸಾಮಾನ್ಯ ಸ್ತ್ರೀಪುರುಷ ಪ್ರವೃತ್ತಿಗಿಂತ ಭಿನ್ನರಾದವರ ಪ್ರಭೇದಗಳನ್ನು ಹೇಳಿ, ಕಾರಣವನ್ನು ಗರ್ಭಾವಸ್ಥೆಯಲ್ಲಿ ಹುಡುಕಿದ್ದಾರೆ. ಅವರ ವಿವರಣೆ ಇಂದು ನಿಲ್ಲದು. ಆದರೆ ಇದನ್ನು ಮಕ್ಕಳ ದುರಹಂಕಾರವೆಂದು ಅವರು ಬಗೆಯಲಿಲ್ಲವೆಂಬುದು ಗಮನಾರ್ಹ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಪುರುಷರಿಬ್ಬರ ಸಂಗಕ್ಕೆ ಉಟ್ಟ ಬಟ್ಟೆಯಲ್ಲಿ ಸ್ನಾನಮಾಡುವ ಪ್ರಾಯಶ್ಚಿತ್ತವಿದೆ. ಹಾಗೆಂದು ಆ ಗ್ರಂಥವೆಲ್ಲ ಮೃದುವೆಂದು ತಿಳಿಯಬಾರದು; ಕನ್ಯೆಯನ್ನು ಕೆಡಿಸಿದ ಸ್ತ್ರೀಗೆ ಅದರಲ್ಲಿಯೇ ಘೋರದಂಡನೆಯೂ ಇದೆ. ಜೀವಾವಧಿ ಸೆರೆಯವರೆಗಿನ ಶಿಕ್ಷೆಯನ್ನು ವಿಧಿಸಿದ್ದು 1860ರ ದಂಡಸಂಹಿತೆಯ 377ನೆಯ ಕಲಮು. ಅದನ್ನು ತಂದವರು ಆಂಗ್ಲರು. ಯಾವುದನ್ನು ನಾವು ಸನಾತನವೆಂದು ಭಾವಿಸಿ ಭಯಪಡುತ್ತೇವೆಯೋ ಅದರಲ್ಲಿ ಎಷ್ಟೋ ಭಾಗವು ಪರಕೀಯರ ಕಾನೂನಿನ ಉಳಿಕೆ.

ನಮ್ಮ ಪರಂಪರೆಯಲ್ಲಿ ಶರಣನು ಸತಿಯೆಂದೂ ಲಿಂಗವು ಪತಿಯೆಂದೂ ಭಾವಿಸುವ ಮಾರ್ಗವಿದೆ. ಗಂಡಸರಾದ ಶರಣರೂ ಆ ಭಾವದಲ್ಲಿ ಲಿಂಗಯ್ಯನನ್ನು ಹಂಬಲಿಸಿದರು. ಇದನ್ನೇ ಎಳೆದು ತಂದು ಸಲಿಂಗಪ್ರೇಮಕ್ಕೆ ಶಾಸ್ತ್ರಪ್ರಮಾಣವೆನ್ನುವುದು ಪಾಂಡಿತ್ಯವಲ್ಲ. ಅದು ಭಕ್ತಿಯ ಮಾತು, ದೇಹದ ಮಾತಲ್ಲ. ಆದರೆ ಇಷ್ಟನ್ನು ಮಾತ್ರ ಹೇಳಬಹುದು: ಆತ್ಮಕ್ಕೆ ಹೆಣ್ಣು ಗಂಡೆಂಬ ಗೆರೆಯಿಲ್ಲವೆಂದು ನಂಬಿದವರು ಒಬ್ಬನ ಒಲವಿನ ನಿಮಿತ್ತವಾಗಿ ಅವನ ಕೊರಳಿನ ಲಿಂಗವನ್ನು ಕಿತ್ತುಕೊಳ್ಳಲಾರರು. ದೀಕ್ಷೆಯು ಅನುಗ್ರಹವೇ ಹೊರತು ಔಷಧವಲ್ಲ. ವಾಸಿಮಾಡುವೆನೆಂದು ದೀಕ್ಷೆ ಕೊಡುವ ಗುರುವು ದೀಕ್ಷೆಯನ್ನೇ ಹೀನಗೊಳಿಸುತ್ತಾನೆ. ವಾಸಿಯಾಗದಿದ್ದರೆ ಶಿಷ್ಯನು ತನ್ನ ಭಕ್ತಿಯೇ ಸುಳ್ಳೆಂದು ಕುಗ್ಗುತ್ತಾನೆ.

ಇನ್ನು ರಾಜಶಾಸನದ ಮಾತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು, ಒಪ್ಪಿಗೆಯುಳ್ಳ ವಯಸ್ಕರ ಖಾಸಗಿ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. ಇಂಥ ವಿವಾಹಕ್ಕೆ ಕಾನೂನಿನ ಮನ್ನಣೆಯನ್ನು ಮಾತ್ರ 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯವು ಕೊಡಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯು, ಸಮಾಜದ ನೀತಿಗೋ ಮತನಂಬಿಕೆಗೋ ಹೊಂದದವನೆಂಬ ಕಾರಣದಿಂದ ಯಾರನ್ನೂ ಮನೋರೋಗಿಯೆಂದು ಎಣಿಸಕೂಡದೆಂದು ವಿಧಿಸಿದೆ. ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು 2021ರ ಜೂನ್ 7ರಂದು ಮದರಾಸು ಉಚ್ಚ ನ್ಯಾಯಾಲಯವು ಕೊಟ್ಟ ಆಜ್ಞೆ. ಮಧುರೆಯಿಂದ ಚೆನ್ನೈಗೆ ಬಂದು ರಕ್ಷಣೆ ಬೇಡಿದ ಇಬ್ಬರು ಯುವತಿಯರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಆನಂದ ವೆಂಕಟೇಶರು, ಈ ವಿಷಯದಲ್ಲಿ ತಮಗೆ ಸಾಕಷ್ಟು ತಿಳಿವಳಿಕೆಯಿಲ್ಲವೆಂದು ಹೇಳಿ, ಮನಶ್ಶಾಸ್ತ್ರ ಬಲ್ಲವರೊಬ್ಬರ ಮುಂದೆ ಶಿಷ್ಯನಂತೆ ಕುಳಿತು ಕಲಿತು, ಆಮೇಲೆ ತೀರ್ಪು ಬರೆದರು. ಒಲವನ್ನು ಬದಲಾಯಿಸುವ ಚಿಕಿತ್ಸೆಯನ್ನು ನಿಷೇಧಿಸಬೇಕೆಂದರು. ಆ ನ್ಯಾಯಾಲಯದ ಸೂಚನೆಯ ಫಲವಾಗಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇಂಥ ಚಿಕಿತ್ಸೆಯನ್ನು ವೈದ್ಯರ ವೃತ್ತಿದೋಷವೆಂದು ಸಾರಿತು. ನ್ಯಾಯಪೀಠದಲ್ಲಿ ಕುಳಿತವರಿಗೆ ಕಲಿಯುವುದು ಅವಮಾನವಾಗಲಿಲ್ಲ. ಗುರುಪೀಠಗಳಿಗೆ ಅದು ಏಕೆ ಅವಮಾನವಾಗಬೇಕು?

ನಮ್ಮ ಕನ್ನಡನಾಡಿನಲ್ಲಿಯೂ ಈ ಮಾತು ಹೊಸದಲ್ಲ. 2013ರಲ್ಲಿ ಪ್ರಕಟವಾದ ವಸುಧೇಂದ್ರರ ‘ಮೋಹನಸ್ವಾಮಿ’ ಎಂಬ ಕಥಾಸಂಕಲನವು ಇಂಥ ಜೀವದ ಒಂಟಿತನವನ್ನು ಕನ್ನಡದ ಓದುಗರ ಮುಂದಿಟ್ಟಿತು. ಎಲ್ಲಮ್ಮನ ಪರಂಪರೆಯ ಜೋಗತಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದರು. ತಾನು ಹೆಣ್ಣೋ ಗಂಡೋ ಎಂಬ ಭಾವ ಬೇರೆ, ಯಾರಲ್ಲಿ ಒಲವು ಎಂಬುದು ಬೇರೆ. ಎರಡನ್ನೂ ಒಂದೆಂದು ಕಲಸಬಾರದು. ಆದರೆ ಎರಡು ಕಡೆಯೂ ಮನೆಯವರಿಂದ ಕೇಳಿಬರುವ ಮಾತು ‘ಇವನನ್ನು ಸರಿಮಾಡಿ’ ಎಂಬುದೇ.

ಈಗ ನೀತಿ. ನೀತಿಯು ಮನುಷ್ಯನ ಕೃತ್ಯವನ್ನು ವಿಚಾರಿಸುತ್ತದೆ, ಹುಟ್ಟನ್ನಲ್ಲ. ಸುಳ್ಳು, ವಂಚನೆ, ಬಲಾತ್ಕಾರ, ಬಾಲಕರ ದುರುಪಯೋಗ, ಕೊಟ್ಟ ಮಾತಿಗೆ ತಪ್ಪುವುದು – ಇವು ಗಂಡುಹೆಣ್ಣಿನ ಸಂಬಂಧದಲ್ಲಿಯೂ ಪಾಪ, ಇಲ್ಲಿಯೂ ಪಾಪ. ನಿಷ್ಠೆ, ಸತ್ಯ, ಸೇವೆ ಎರಡು ಕಡೆಯೂ ಪುಣ್ಯ. ಈ ಅಳತೆಗೋಲಿನಿಂದ ನೋಡಿದರೆ ಅತ್ಯಂತ ಅನೀತಿಯಾದ ಚಿಕಿತ್ಸೆಯೆಂದರೆ ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂಬುದು. ಏನೂ ಅರಿಯದ ಒಂದು ಮನೆಯ ಹೆಣ್ಣುಮಗಳನ್ನು ಔಷಧದಂತೆ ಬಳಸಿ, ಅವಳ ಆಯುಷ್ಯವನ್ನು ಒಣಗಿಸುವುದಕ್ಕೆ ಪಂಚಕಳಶಗಳನ್ನು ಸಾಕ್ಷಿಯಾಗಿ ಇಡುವುದೆ? ಅಂಥ ವಿವಾಹಕ್ಕೆ ಆಶೀರ್ವದಿಸುವ ಗುರುವಿಗೂ ಆ ಪಾಪದಲ್ಲಿ ಪಾಲಿದೆ.

‘ತಾನಾಗಿ ಬಂದು ಬದಲಾಗಬೇಕೆಂದು ಬೇಡುವವನಿಗೆ ಏನು ಹೇಳುವಿರಿ?’ ಎಂದು ಆಕ್ಷೇಪಿಸಬಹುದು. ಅವನ ಬೇಡಿಕೆಯ ಹಿಂದೆ ಇರುವುದು ಇಚ್ಛೆಯೋ, ಮನೆಯವರ ಭಯವೋ ಎಂದು ಮೊದಲು ವಿಚಾರಿಸಬೇಕು. ಸ್ವಂತ ಮನಸ್ಸಿನಿಂದ ಬ್ರಹ್ಮಚರ್ಯವನ್ನು ಕೈಕೊಂಡವನಿಗೆ ಅದು ವ್ರತ. ಬಲವಂತದಿಂದ ಹೇರಿದರೆ ಅದು ಸೆರೆ. ಇಲ್ಲದ ಮದ್ದನ್ನು ಇದೆಯೆಂದು ಮಾರುವುದು ವೈದ್ಯನಿಗೂ ಸಲ್ಲದು, ಯತಿಗೂ ಸಲ್ಲದು.

ಆದಕಾರಣ ಮಠಗಳೂ ಭಕ್ತರೂ ನಡೆದುಕೊಳ್ಳಬೇಕಾದ ರೀತಿಯನ್ನು ಸಂಕ್ಷೇಪವಾಗಿ ಬಿನ್ನವಿಸುತ್ತೇನೆ. ಹೇಳಿಕೊಂಡವನ ಗುಟ್ಟನ್ನು ಹೊರಗೆಡಹಬಾರದು. ಬದಲಾಯಿಸುವೆವೆಂಬ ಭಾಷೆ ಕೊಡಬಾರದು. ಮದುವೆಯನ್ನು ಮದ್ದಾಗಿ ಸೂಚಿಸಬಾರದು. ಲಿಂಗಪೂಜೆ, ಪ್ರಸಾದ, ದಾಸೋಹಗಳಿಂದ ಯಾರನ್ನೂ ದೂರವಿಡಬಾರದು. ಮಗುವು ದುಃಖದಿಂದ ಬಳಲುತ್ತಿದ್ದರೆ ಆ ದುಃಖದ ಪರಿಹಾರಕ್ಕಾಗಿ ಬಲ್ಲ ವೈದ್ಯರಲ್ಲಿಗೆ ಕರೆದೊಯ್ಯಬೇಕು, ಒಲವನ್ನು ಕೀಳಿಸುವುದಕ್ಕಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ.

ವಿಜ್ಞಾನವು ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ನೀತಿಯು ಇನ್ನೊಬ್ಬರಿಗೆ ನಾವು ಸಲ್ಲಿಸಬೇಕಾದುದನ್ನು ತಿಳಿಸುತ್ತದೆ. ಧರ್ಮವು ಅದನ್ನು ಪ್ರೀತಿಯಿಂದ ಸಲ್ಲಿಸುವ ಶಕ್ತಿಯನ್ನು ಕೊಡುತ್ತದೆ. ಈ ಮೂರೂ ಇಲ್ಲಿ ಒಂದನ್ನೊಂದು ಹಳಿಯುತ್ತಿಲ್ಲ. ಮಾರ್ಪಡಬೇಕಾದದ್ದು ಮಗುವಿನ ಒಲವಲ್ಲ, ಹಿರಿಯರ ಭಯ. ಆ ಮಾರ್ಪಾಟಿಗೆ ಗುರುಕೃಪೆ ನಿಜವಾಗಿಯೂ ಸಾಕು.