ಮನೆಗೆ ಒರಲೆ ಹತ್ತಿದೆಯೇ? ಕಾಣುವುದು ಹೇಗೆ, ತಡೆಯುವುದು ಹೇಗೆ?

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಮಾಹಿತಿ ಶಿಬಿರದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಅಡಿಕೆಯ ಕೊಳೆರೋಗದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಯವರು ನನ್ನನ್ನು ಕೇಳಿದ್ದರು. ಅದನ್ನು ಹೇಳಲು ನನಗಿಂತ ಓದಿದವರು ಇಲ್ಲಿ ಬಂದಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಹಾರೆ ಹಿಡಿದವನು. ಆದರೆ ಸಂಘದ ಬಾಗಿಲಲ್ಲಿ ಕೂತಾಗ ನನಗೆ ಹೆಚ್ಚು ಬರುವ ಪ್ರಶ್ನೆ ಬೇರೆಯೇ: "ಹ್ವಾಯ್, ಮನೆಗೆ ಒರಲೆ ಹಿಡ್ದಿತ್ತ್, ಎಂತ ಮಾಡೂದ್? ಮದ್ದ್ ಇತ್ತಾ?" ಪುಸ್ತಕದ ಭಾಷೆಯಲ್ಲಿ ಗೆದ್ದಲು ಎನ್ನುವ ಈ ಒರಲೆಯ ಬಗ್ಗೆಯೇ ಇವತ್ತು ಹೇಳುತ್ತೇನೆ. ಯಾಕೆ ಎನ್ನುವುದಕ್ಕೆ ನಮ್ಮ ಮನೆಯ ಒಂದು ಸಂಗತಿ ಕೇಳಿ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪಯ್ಯ ಪಂಪ್‌ಸೆಟ್ಟಿಗೆ ಸಾಲ ಮಾಡಲು ಹೊರಟರು. ಜಾಗದ ಕಾಗದ ಬೇಕಿತ್ತು. 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ನಮ್ಮ ಅಜ್ಜಯ್ಯ ಡಿಕ್ಲರೇಷನ್ ಕೊಟ್ಟು, ಟ್ರಿಬ್ಯೂನಲ್‌ನಲ್ಲಿ ಆದೇಶವಾಗಿ ಬಂದ ಕಾಗದ ಅದು. ಈ ಸಭೆಯಲ್ಲಿ ಕೂತವರಲ್ಲಿ ಅರ್ಧ ಜನರ ಗದ್ದೆಗೆ ಮೂಲ ಅಂಥದ್ದೇ ಒಂದು ಕಾಗದ. ಚಾವಡಿಯ ಮೂಲೆಯಲ್ಲಿ ಗೋಡೆಗೆ ತಾಗಿಸಿ ಇಟ್ಟ ಮರದ ಪೆಟ್ಟಿಗೆಯಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಮುಚ್ಚಳ ತೆಗೆದರೆ ಕಟ್ಟು ಇದ್ದ ಹಾಗೇ ಇತ್ತು. ಅಪ್ಪಯ್ಯ ಎತ್ತಲು ಹೋದರು, ಕೈಗೆ ಬಂದದ್ದು ಮಣ್ಣು. ಮೇಲಿನ ಪದರ ಮಾತ್ರ ಬಟ್ಟೆ, ಒಳಗೆ ಪೂರ್ತಿ ಒರಲೆ. ಪೆಟ್ಟಿಗೆಯ ಅಡಿಹಲಗೆಯೂ ಇರಲಿಲ್ಲ. ಅಪ್ಪಯ್ಯ ಏನೂ ಹೇಳಲಿಲ್ಲ, ಆ ದಿನ ಮಧ್ಯಾಹ್ನ ಊಟವನ್ನೂ ಮಾಡಲಿಲ್ಲ. ನಕಲು ಸಿಗುವ ತನಕ ಕಛೇರಿಗೆ ಅಲೆದದ್ದು ಎರಡು ವರ್ಷ. ಪಂಪ್‌ಸೆಟ್ಟು ಆ ಎರಡು ಬೇಸಿಗೆಯೂ ಬರಲಿಲ್ಲ.

ತಪ್ಪು ಯಾರದ್ದು? ನಮ್ಮದೇ. ಮಣ್ಣಿನ ನೆಲದ ಮೇಲೆ, ಒದ್ದೆ ಗೋಡೆಗೆ ತಾಗಿಸಿ ಮರದ ಪೆಟ್ಟಿಗೆ ಇಟ್ಟದ್ದು ನಾವು.

ಒರಲೆಯ ಸ್ವಭಾವ ಸ್ವಲ್ಪ ತಿಳಿದರೆ ಅರ್ಧ ಕೆಲಸ ಆದಂತೆ. ಇದಕ್ಕೆ ಇರುವೆಯ ಹಾಗೆ ಗಟ್ಟಿ ಮೈ ಇಲ್ಲ. ಬಿಸಿಲು, ಒಣಗಾಳಿ ತಾಗಿದರೆ ಬೇಗ ಸಾಯುತ್ತದೆ. ಕೆಲಸದ ಹುಳಕ್ಕೆ ಕಣ್ಣೂ ಇಲ್ಲ. ಹಾಗಾಗಿ ಎಲ್ಲಿಗೆ ಹೋಗುವುದಿದ್ದರೂ ಮಣ್ಣು ಮತ್ತು ಎಂಜಲು ಸೇರಿಸಿ ಒಂದು ಮಾಡು ಕಟ್ಟಿಕೊಂಡು, ಅದರ ಒಳಗೇ ಹೋಗುತ್ತದೆ. ಗೂಡು ಇರುವುದು ನೆಲದ ಅಡಿ. ಅಲ್ಲಿ ರಾಣಿ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ನಮ್ಮ ಮನೆಯ ಗೋಡೆಯಲ್ಲಿ ಕಾಣುವ ಹುಳ ಆ ಸಂಸಾರದ ಕೂಲಿಯಾಳುಗಳು ಮಾತ್ರ. ಅವನ್ನು ಪೊರಕೆಯಲ್ಲಿ ಗುಡಿಸಿ ಬಿಸಾಡಿದರೆ ನಾಳೆ ಬೇರೆ ಆಳು ಬರುತ್ತದೆ. ಅದಕ್ಕೆ ಬೇಕಾದದ್ದು ಮರ ಒಂದೇ ಅಲ್ಲ, ತೇವವೂ ಬೇಕು. ನಮ್ಮದು ಘಟ್ಟದ ಬುಡದ ಊರು, ಸುತ್ತ ಹಾಡಿ, ನಾಲ್ಕು ತಿಂಗಳು ಬಿಡದ ಮಳೆ. ತೇವಕ್ಕೆ ಇಲ್ಲಿ ಬರಗಾಲ ಇಲ್ಲ.

ಹಾಡಿಯಲ್ಲಿರುವ ಒರಲೆ ನಮ್ಮ ವೈರಿ ಅಲ್ಲ. ಬಿದ್ದ ಮರ, ತರಗೆಲೆ ಎಲ್ಲ ತಿಂದು ಮಣ್ಣು ಮಾಡುವುದು ಅದೇ. ಹುತ್ತ ಕಟ್ಟುವ ಜಾತಿಯ ಒರಲೆ ಗೂಡಿನ ಒಳಗೆ ಒಂದು ಬಗೆಯ ಬೂಸ್ಟು ಬೆಳೆಸಿ ಅದನ್ನು ತಿಂದು ಬದುಕುತ್ತದೆ. ಮಳೆ ಹಿಡಿದ ಮೇಲೆ ಹುತ್ತದ ಹತ್ತಿರ ಏಳುವ ಅಣಬೆ, ನಾವು ಬುಟ್ಟಿ ಹಿಡಿದು ಓಡುತ್ತೇವಲ್ಲ, ಅದು ಇದೇ ಬೂಸ್ಟಿನ ಫಲ. ಇನ್ನು ಹುತ್ತ ನಮಗೆ ನಾಗನ ಸ್ಥಾನ, ಬನದ ಹುತ್ತಕ್ಕೆ ಯಾರೂ ಕೈ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಹುತ್ತ ಒಡೆದರೆ ಮನೆಯ ಒರಲೆ ಹೋಗುತ್ತದೆ ಎಂದು ತಿಳಿಯಬೇಡಿ. ಮನೆಗೆ ಬಂದದ್ದು ಎಷ್ಟೋ ಸಲ ಹುತ್ತವೇ ಕಟ್ಟದ, ನೆಲದೊಳಗೇ ಇರುವ ಬೇರೆ ಗೂಡಿನದ್ದು.

ಈಗ ಪತ್ತೆ ಮಾಡುವ ವಿಷಯ. ಇದಕ್ಕೆ ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್ ಸಾಕು. ವರ್ಷಕ್ಕೆ ಎರಡು ಸಲ, ಮಳೆ ಹಿಡಿಯುವ ಮೊದಲು ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ, ಮನೆಗೆ ಒಂದು ಸುತ್ತು ಬನ್ನಿ. ಹೊರಗಿನ ಪಂಚಾಂಗದ ಗೋಡೆಯಲ್ಲಿ ನೆಲದಿಂದ ಮೇಲೆ ಹತ್ತಿದ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಇದೆಯೇ ನೋಡಿ. ಇದ್ದರೆ ಒಂದು ಗೇಣು ಕೆರೆದು ತೆಗೆದು ಬಿಡಿ. ಎರಡು ದಿನ ಬಿಟ್ಟು ನೋಡುವಾಗ ಹಸಿ ಮಣ್ಣಿನಿಂದ ಮತ್ತೆ ಕಟ್ಟಿದ್ದರೆ ಒಳಗೆ ಜೀವ ಇದೆ. ದಾರಂದದ ಬುಡವನ್ನು ಸ್ಕ್ರೂಡ್ರೈವರಿನ ಹಿಡಿಯಲ್ಲಿ ಬಡಿಯಿರಿ. ಗಟ್ಟಿ ಮರದ ಸದ್ದು ಬೇರೆ, ಟೊಳ್ಳು ಮರದ ಸದ್ದು ಬೇರೆ, ಹಲಸಿನಹಣ್ಣು ಬಡಿದು ನೋಡುವ ನಮಗೆ ಇದನ್ನು ಕಲಿಸಬೇಕಾಗಿಲ್ಲ. ಟೊಳ್ಳು ಎನಿಸಿದಲ್ಲಿ ಮೊನೆ ಒತ್ತಿ. ಪೇಯಿಂಟು ಹೊಳೆಯುತ್ತಾ ಇರುತ್ತದೆ, ಮೊನೆ ಮಾತ್ರ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ.

ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಹುಳವೂ ಒರಲೆಯೇ. ನಮ್ಮದು ಸೋಲಾರ್ ಗ್ರಾಮ ಎಂದು ಹೆಸರು ಪಡೆದ ಊರು, ಕರೆಂಟು ಹೋದರೂ ದೀಪ ಇರುತ್ತದೆ, ಹುಳಕ್ಕೂ ಹಬ್ಬ! ಹೊರಗಿನಿಂದ ಹಾರಿ ಬಂದರೆ ಹೆದರಬೇಡಿ. ಗೋಡೆಯ ಬಿರುಕಿನಿಂದಲೋ ದಾರಂದದ ಸಂದಿಯಿಂದಲೋ ಒಳಗೇ ಎದ್ದು ಬಂದರೆ ಮಾತ್ರ ಗೂಡು ಮನೆಯ ಅಡಿಯಲ್ಲೇ ಇದೆ ಎಂದು ತಿಳಿಯಿರಿ. ರೆಕ್ಕೆ ಇರುವ ಇರುವೆಯನ್ನು ಕಂಡು ಒರಲೆ ಎಂದು ಗಾಬರಿ ಬೀಳುವವರೂ ಇದ್ದಾರೆ. ಇರುವೆಗೆ ಸೊಂಟ ಸಣ್ಣ, ಮುಂದಿನ ರೆಕ್ಕೆ ದೊಡ್ಡ. ಒರಲೆಗೆ ಸೊಂಟವೇ ಇಲ್ಲ, ನಾಲ್ಕು ರೆಕ್ಕೆಯೂ ಒಂದೇ ಉದ್ದ.

ಮರದಿಂದ ನುಣ್ಣಗಿನ ಹುಡಿ ಉದುರಿದರೆ ಅದು ಒರಲೆ ಅಲ್ಲ, ಮರ ಕೊರೆಯುವ ಕುಟ್ಟೆ ಹುಳ. ಗಸಗಸೆಯಂಥ ಕಾಳು ಉದುರಿದರೆ ಅದು ಒಣಮರದಲ್ಲೇ ವಾಸಿಸುವ ಬೇರೆ ಜಾತಿಯ ಒರಲೆ. ಅದಕ್ಕೆ ನೆಲದ ಸಂಪರ್ಕ ಬೇಡ, ನೆಲಕ್ಕೆ ಮದ್ದು ಹೊಯ್ದು ಪ್ರಯೋಜನವಿಲ್ಲ, ಆ ಮರವನ್ನೇ ನೋಡಿಕೊಳ್ಳಬೇಕು.

ಆರ್‌ಸಿಸಿ ಮನೆಗೆ ಒರಲೆ ಬರುವುದಿಲ್ಲ ಎಂಬ ಮಾತು ನಂಬಬೇಡಿ. ಕಾಂಕ್ರೀಟನ್ನು ಅದು ತಿನ್ನುವುದಿಲ್ಲ, ಸರಿ. ಆದರೆ ನೆಲದ ಸಣ್ಣ ಬಿರುಕು, ನೀರಿನ ಪೈಪು ಹೋದ ತೂತು ಸಾಕು, ನೇರವಾಗಿ ಅಡುಗೆಮನೆಯ ಪ್ಲೈವುಡ್ ಕಪಾಟಿಗೆ ಬರುತ್ತದೆ. ಕೆಂಪುಕಲ್ಲಿನ ಗೋಡೆಯಂತೂ ಒಳಗೆಲ್ಲ ತೂತು. ಮಣ್ಣಿನಲ್ಲಿ ಕಟ್ಟಿದ ಹಳೆ ಗೋಡೆಯಾದರೆ ಹೊರಗೆ ಒಂದು ಗೆರೆಯೂ ಕಾಣದೆ ಮಾಡಿನ ಪಕಾಸಿನ ತನಕ ಹತ್ತುತ್ತದೆ. ಒಡೆದ ಒಂದು ಹಂಚು, ಅದರಿಂದ ಒದ್ದೆಯಾದ ಒಂದು ಪಕಾಸು, ಒರಲೆಗೆ ಕರೆಯೋಲೆ ಕಳಿಸಿದ ಹಾಗೆ. ಹಂಚು ಕೈಯಾಡಿಸುವ ಕೂಲಿ ಉಳಿಸಿ ಮಾಡನ್ನೇ ಬದಲಿಸಿದವರು ನಮ್ಮ ಊರಲ್ಲಿ ಇದ್ದಾರೆ, ಹೆಸರು ಹೇಳುವುದಿಲ್ಲ, ಅವರೇ ನಗುತ್ತಿದ್ದಾರೆ.

ತಡೆಯುವುದಕ್ಕೆ ಮೊದಲು ಖರ್ಚಿಲ್ಲದ ಕೆಲಸ. ಮನೆಗೋಡೆಗೆ ತಾಗಿಸಿ ಕಟ್ಟಿಗೆ ರಾಶಿ, ಹುಲ್ಲುಕುತ್ರಿ, ತೆಂಗಿನ ಸೋಗೆ, ರಟ್ಟಿನ ಪೆಟ್ಟಿಗೆ ಇಡಬೇಡಿ. ಕಟ್ಟಿಗೆಯನ್ನು ಕಲ್ಲಿನ ಮೇಲೆ, ಗೋಡೆಯಿಂದ ದೂರ ಇಡಿ. ಮಾಡಿನ ನೀರು ಪಂಚಾಂಗದ ಬುಡಕ್ಕೆ ಬೀಳದ ಹಾಗೆ ಚರಂಡಿ ಮಾಡಿ. ಬಚ್ಚಲಿನ ಸೋರುವ ನಲ್ಲಿ ಸರಿ ಮಾಡಿ. ಹಟ್ಟಿಯ ಕಂಬ ನೇರ ಮಣ್ಣಿಗೆ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿ. ಹಳಬರು ಕಿರಾಲುಭೋಗಿ, ಹಲಸಿನ ಚೇಗು ಹುಡುಕಿ ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ. ಈಗ ಎಳೆ ಸಾಗುವಾನಿ ತಂದು "ಸಾಗುವಾನಿಗೂ ಒರಲೆ ಬಂತಲ್ಲ ಮಾರಾಯ್ರೆ" ಎನ್ನುತ್ತೇವೆ. ಒರಲೆಗೆ ಆಗದ್ದು ಸಾಗುವಾನಿಯ ಚೇಗು ಮಾತ್ರ, ಹೊರಗಿನ ಬಿಳಿ ಭಾಗವನ್ನು ಅದು ಚೆನ್ನಾಗಿಯೇ ತಿನ್ನುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಪಕಾಸು, ರೀಪಿಗೆ ಬಳಿಯುವ ಹಿಂದಿನ ಕ್ರಮ ಈಗಲೂ ಒಳ್ಳೆಯದೇ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಜಾಗ್ರತೆ. ಸೀಮೆಎಣ್ಣೆ, ಡೀಸೆಲ್ ಹೊಯ್ಯುವುದು ಬೇಡ. ನಾಲ್ಕು ದಿನದಲ್ಲಿ ಅದು ಆವಿಯಾಗಿ ಹೋಗುತ್ತದೆ, ಬೆಂಕಿಯ ಭಯ ಬೇರೆ.

ಇನ್ನು ಮದ್ದು. ಸಂಘದಿಂದ ಮದ್ದು ಮಾರುವವರೇ ನಾವು, ಆದರೂ ಹೇಳುತ್ತೇನೆ: ಅದು ಕಡೆಯ ಉಪಾಯ. ಹಿಂದೆ ಬಿ.ಎಚ್.ಸಿ. ಹುಡಿಯನ್ನು ಬರಿಗೈಯಲ್ಲಿ ಎರಚುತ್ತಿದ್ದೆವು. 1997ರಲ್ಲಿ ಅದು ನಿಷೇಧವಾಯಿತು. ಒರಲೆಗೆಂದೇ ಬಳಸುತ್ತಿದ್ದ ಆಲ್ಡ್ರಿನ್ 1996ರಲ್ಲೇ ಹೋಯಿತು. ಕಾಸರಗೋಡಿನ ಗೇರುತೋಟಗಳಲ್ಲಿ ಸಿಂಪಡಿಸಿದ ಎಂಡೋಸಲ್ಫಾನ್ ಏನು ಮಾಡಿತು ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. 2011ರಲ್ಲಿ ಅದು ನಿಲ್ಲುವಷ್ಟರಲ್ಲಿ ಎಷ್ಟೋ ಮನೆಯ ಮಕ್ಕಳು ಹಾಸಿಗೆ ಹಿಡಿದಾಗಿತ್ತು. ಕ್ಲೋರೋಪೈರಿಫಾಸ್ ಕೂಡ 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದೆ, ಕೆಲವು ಉಪಯೋಗಕ್ಕೆ ಮಾತ್ರ ವಿನಾಯಿತಿ ಇಟ್ಟುಕೊಂಡು. ಹಾಗಾಗಿ ಯಾವ ಮದ್ದು, ಎಷ್ಟು ಎಂದು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ಕೇಳಿ, ಡಬ್ಬಿಯ ಲೇಬಲ್ ಓದಿಯೇ ತನ್ನಿ.

ಹೊಸ ಮನೆ ಕಟ್ಟುವವರು ಪಂಚಾಂಗ ಹಾಕುವಾಗಲೇ ಮಣ್ಣಿಗೆ ಮದ್ದು ಕೊಡಿಸುವುದು ಲೇಸು. ಐ.ಎಸ್. 6313 ಎಂಬ ಸರಕಾರಿ ಮಾನಕದ ಪ್ರಕಾರ ಪಾಯದ ಗುಂಡಿಗೆ ಚದರ ಮೀಟರಿಗೆ 5 ಲೀಟರ್ ಮದ್ದಿನ ನೀರು ಬೇಕು. ಒಂದು ಬಾಲ್ದಿ ಚಿಮುಕಿಸಿ ಹಣ ತೆಗೆದುಕೊಂಡು ಹೋದರೆ ಅದು ಲೆಕ್ಕಕ್ಕಿಲ್ಲ. ಹಳೆ ಮನೆಯಾದರೆ ಗೋಡೆ ಮತ್ತು ನೆಲ ಸೇರುವಲ್ಲಿ ಒಂದೊಂದು ಅಡಿಗೆ ತೂತು ಕೊರೆದು ತುಂಬಿಸುತ್ತಾರೆ.

ಇಲ್ಲಿ ಒಂದು ಮಾತು ದಯವಿಟ್ಟು ನೆನಪಿಡಿ. ನಮ್ಮಲ್ಲಿ ಬಾವಿ ಇರುವುದು ಅಡುಗೆಮನೆಯ ಮಗ್ಗುಲಲ್ಲಿ. ಕೆಂಪುಕಲ್ಲಿನ ನೆಲ ಜರಡಿಯ ಹಾಗೆ. ನನ್ನ ಭಾವನ ಮನೆಗೆ ಪೇಟೆಯಿಂದ ಮದ್ದು ಬಿಡುವವರು ಬಂದು ಬಾವಿಯ ಕಡೆಯ ಗೋಡೆಗೂ ತೂತು ಕೊರೆದು ತುಂಬಿಸಿ ಹೋದರು. ಭಾವ ಕೇಳಿದ್ದಕ್ಕೆ "ಎಂತ ಆತಿಲ್ಲೆ" ಅಂದರಂತೆ. ಮರುದಿನ ಮಳೆ. ಮೂರನೇ ದಿನ ಅಕ್ಕ ಕೊಡ ಎತ್ತುವಾಗ ನೀರಿಗೆ ಮದ್ದಿನ ವಾಸನೆ. ಪಂಪಿಟ್ಟು ಎಷ್ಟು ಸಲ ಖಾಲಿ ಮಾಡಿದರೂ ಅವರಿಗೆ ಧೈರ್ಯ ಬರಲಿಲ್ಲ. ಸಣ್ಣ ಮಕ್ಕಳಿರುವ ಮನೆ. ಒಂದು ವರ್ಷ ನೆರೆಮನೆಯಿಂದ ನೀರು ಹೊತ್ತರು. ದಾರಂದ ಉಳಿಯಿತು, ಬಾವಿ ಹೋಯಿತು. ಬಾವಿಯ ಕಡೆಯ ಗೋಡೆಗೆ ಮದ್ದೇ ಬೇಡ. ಅಲ್ಲಿ ಗೆರೆ ಕಂಡಾಗಲೆಲ್ಲ ಕೆರೆದು, ಬಿರುಕು ಸಿಮೆಂಟಿನಲ್ಲಿ ಮುಚ್ಚಿ, ತಿಂದ ಮರ ಬದಲಿಸಿ. ಮಳೆ ಬರುವ ಸೂಚನೆ ಇದ್ದರೆ ಬೇರೆ ಕಡೆಗೂ ಮದ್ದು ಬಿಡಿಸಬೇಡಿ.

ಕಾಗದದ ವಿಷಯ. ಆರ್.ಟಿ.ಸಿ. ಈಗ ಕಂಪ್ಯೂಟರಿನಲ್ಲಿ ಸಿಗುತ್ತದೆ, ಆದರೆ ಅಜ್ಜನ ಕಾಲದ ಆದೇಶ, ಪಾಲುಪಟ್ಟಿ, ವೀಲುನಾಮೆ ಎಲ್ಲ ಇನ್ನೂ ಕಾಗದದಲ್ಲೇ ಇದೆ. ಸ್ಟೀಲ್ ಡಬ್ಬಿಯಲ್ಲಿ, ಗೋಡೆಗೆ ತಾಗದ ಹಾಗೆ, ನೆಲದಿಂದ ಎತ್ತರದಲ್ಲಿ ಇಡಿ. ವರ್ಷಕ್ಕೊಮ್ಮೆ ಬಿಸಿಲಿಗೆ ಬಿಚ್ಚಿ. ಒಂದು ನಕಲು ಪೇಟೆಯಲ್ಲಿರುವ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ.

ನಮ್ಮ ಸಂಘದ ಗೋದಾಮಿನಲ್ಲಿ ಗೊಬ್ಬರದ ಚೀಲಗಳನ್ನು ಗೋಡೆಯಿಂದ ಎರಡು ಅಡಿ ಬಿಟ್ಟು ಜೋಡಿಸಿದ್ದನ್ನು ಕಂಡು "ಜಾಗ ಎಂತಕೆ ಹಾಳ್ ಮಾಡ್ತ್ರಿ" ಎಂದು ಕೆಲವರು ಕೇಳಿದ್ದೀರಿ. ಆ ಎರಡು ಅಡಿ ಟಾರ್ಚು ಹಿಡಿದು ಹೋಗಿ ಗೋಡೆ ನೋಡುವುದಕ್ಕೆ. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ. ಮಣ್ಣಿನ ಗೆರೆ ಹೇಗಿರುತ್ತದೆ ಎಂದು ನೋಡದವರು ನನ್ನ ಜೊತೆ ಹಿಂದಿನ ಹಳೆ ಶೆಡ್ಡಿಗೆ ಬನ್ನಿ, ತೋರಿಸಲೆಂದೇ ಒಂದನ್ನು ಕೆರೆಯದೆ ಬಿಟ್ಟಿದ್ದೇನೆ.